ದೊಡ್ಡ ಪೇಂಟರ್ ಕಲಿತ ನಿಧಾನ

ಚಪ್ಪಲಿ ನೇರವಾಗಿ ಚಿಕ್ಕ ಪೇಂಟರನ ತಲೆಯ ಮೇಲೆ ಬಿತ್ತು. ಪಕ್ಕದಲ್ಲೆಲ್ಲೋ ಬಿದ್ದಿದ್ದರೆ ದೊಡ್ಡ ಪೇಂಟರಿಗೆ ತನ್ನ ಕಾಲಿನ ಸಂಗತಿ ಇನ್ನೆಷ್ಟು ದಿನಕ್ಕೆ ಗೊತ್ತಾಗುತ್ತಿತ್ತೋ ಏನೋ.

ಅವತ್ತು ಅಣ್ಣತಮ್ಮ ಇಬ್ಬರೂ ಒಂದು ಶಾಲೆಯ ಮೆಟ್ಟಿಲ ಗೋಡೆಗೆ ಕೈ ಹಚ್ಚಿದ್ದರು. ಮೇಲಿನ ಮೂಲೆಯಲ್ಲಿ ಹಳೆಯ ಬಣ್ಣ ಹಕ್ಕಳೆ ಎದ್ದಿತ್ತು. ದೊಡ್ಡ ಪೇಂಟರ್ ಏಣಿಯ ತುದಿಯಲ್ಲಿ ನಿಂತು ಅದನ್ನು ಕೆರೆಯುತ್ತಿದ್ದರು, ತಮ್ಮ, ಚಿಕ್ಕ ಪೇಂಟರ್, ಕೆಳಗೆ ಏಣಿ ಹಿಡಿದು ನಿಂತಿದ್ದ. ಹುಡುಗರಾಗಿದ್ದಾಗ ಸೋದರಮಾವನ ಹಿಂದೆ ಸುಣ್ಣದ ಡಬ್ಬ ಹೊತ್ತುಕೊಂಡು ಹೋದ ದಿನದಿಂದಲೂ ಅವರ ಕೆಲಸ ನಡೆದದ್ದು ಹೀಗೆಯೇ. ಒಬ್ಬ ಮೇಲೆ, ಒಬ್ಬ ಕೆಳಗೆ.

"ಅಣ್ಣಾ, ಬಣ್ಣ ಉದುರಿಸೋದು ಸರಿ. ಚಪ್ಪಲಿ ಯಾಕೆ ಉದುರಿಸ್ತೀಯಾ?" ಎಂದ ತಮ್ಮ, ತಲೆ ಸವರಿಕೊಳ್ಳುತ್ತ.

"ಯಾರ ಚಪ್ಪಲಿ?"

"ಇನ್ಯಾರದು? ಗೋಡೆ ಚಪ್ಪಲಿ ಹಾಕ್ಕೊಂಡಿತ್ತಾ?"

ದೊಡ್ಡ ಪೇಂಟರ್ ಬಗ್ಗಿ ನೋಡಿದರು. ಬಲಗಾಲು ಬರಿಗಾಲು. ಕಬ್ಬಿಣದ ಏಣಿಯ ಮೆಟ್ಟಿಲಿನಲ್ಲಿ ಎದ್ದಿದ್ದ ಒಂದು ಚೂಪು ಅಂಚು ಅಂಗಾಲನ್ನು ಕೊರೆದಿತ್ತು, ಕೆಳಗಿನ ಮೆಟ್ಟಿಲಿಗೆ ರಕ್ತ ಇಳಿಯುತ್ತಿತ್ತು. ಚಪ್ಪಲಿ ಕಳಚಿದ್ದು ಅವರಿಗೆ ತಿಳಿದಿರಲಿಲ್ಲ. ಕಬ್ಬಿಣ ಕೊರೆದದ್ದೂ ತಿಳಿದಿರಲಿಲ್ಲ. ಕಣ್ಣಿಗೆ ಕಾಣುತ್ತಿದ್ದ ಆ ರಕ್ತ ಬೇರೆ ಯಾರದೋ ಎನ್ನುವ ಹಾಗೆ ಅದನ್ನೇ ನೋಡುತ್ತ ಎರಡೂ ಕೈಯಿಂದ ಏಣಿಯನ್ನು ತಬ್ಬಿಕೊಂಡರು. ಇಷ್ಟು ವರ್ಷದಲ್ಲಿ ಮೊದಲ ಸಲ ಅವರಿಗೆ ಎತ್ತರದ ಭಯವಾಯಿತು.

"ಇಳೀತೀನಿ. ಗಟ್ಟಿಯಾಗಿ ಹಿಡ್ಕೋ," ಎಂದರು.

ತಮ್ಮ ಆಮೇಲೆ ತಮಾಷೆ ಮಾಡಲಿಲ್ಲ.

ಸಕ್ಕರೆ ಕಾಯಿಲೆ ಆ ಮನೆಗೆ ಹೊಸದಲ್ಲ. ಅವರ ತಾಯಿಗಿತ್ತು. ಕೊನೆಗಾಲದಲ್ಲಿ ಆಕೆಯ ಒಂದು ಕಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದರು. "ಅಮ್ಮ ಬಿಟ್ಟು ಹೋದ ಆಸ್ತಿ ಇದೊಂದೇ, ಇಬ್ಬರಿಗೂ ಸಮಪಾಲು ಬಂತು, ಕೋರ್ಟು ಕಚೇರಿ ಅಂತ ಅಲೆಯೋ ಹಾಗೇ ಇಲ್ಲ," ಎಂದು ಚಿಕ್ಕ ಪೇಂಟರ್ ಕಂಡಕಂಡವರಿಗೆ ಹೇಳಿ ನಗಿಸುತ್ತಿದ್ದ. ಸಮಪಾಲು ಎನ್ನುವುದೇನೋ ಪೂರ್ತಿ ನಿಜವಲ್ಲ. ಅಣ್ಣನಿಗೆ ಮಾತ್ರೆಯಲ್ಲಿ ಸಾಗುತ್ತಿತ್ತು. ತಮ್ಮನಿಗೆ ಕೆಲವು ವರ್ಷಗಳಿಂದ ಬೆಳಿಗ್ಗೆ ಸಂಜೆ ಇನ್ಸುಲಿನ್ ಸೂಜಿ. ಅದನ್ನು ಚುಚ್ಚುವವಳು ಅವನ ಹೆಂಡತಿ. ಸ್ವಂತ ಕೈಯಿಂದ ಚುಚ್ಚಿಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ. ಮೂರಂತಸ್ತಿನ ಎತ್ತರಕ್ಕೆ ಬಿದಿರು ಕಟ್ಟಿದ ಸಾರ್ವೆಯ ಮೇಲೆ ಸಿಳ್ಳೆ ಹಾಕಿಕೊಂಡು ನಡೆಯುವ ಗಂಡಸು ಕೂದಲೆಳೆಯಂಥ ಸೂಜಿ ಕಂಡರೆ ಮುಖ ಆಚೆ ತಿರುಗಿಸುತ್ತಿದ್ದ.

ಮಾರನೆಯ ದಿನ ಹೆಂಡತಿಯ ಒತ್ತಾಯಕ್ಕೆ ದೊಡ್ಡ ಪೇಂಟರ್ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಗಾಯ ತೊಳೆಸಿ ಕಟ್ಟು ಹಾಕಿಸಿದ ಮೇಲೆ ಅವರನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಮೀನಿನ ಗಾಳದ ದಾರದಂಥ ಒಂದು ಬಿರುಸು ಎಳೆಯನ್ನು ಕೈಯಲ್ಲಿ ಹಿಡಿದಿದ್ದರು.

"ಈ ಎಳೆ ಕಾಲಿಗೆ ತಾಗಿದಾಗ ಹೂಂ ಅನ್ನಿ."

"ಹೂಂ," ಎಂದರು ದೊಡ್ಡ ಪೇಂಟರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಹೂಂ." ಪರೀಕ್ಷೆಯಲ್ಲಿ ಕೂತ ಹುಡುಗನ ಹಾಗೆ, ತುಂಬಾ ಹೊತ್ತು ಸುಮ್ಮನಿದ್ದರೆ ತಪ್ಪಾಗುತ್ತದೇನೋ ಎಂದು ಮೂರನೆಯ ಸಲವೂ ಹೂಂ ಎಂದರು.

ಆಮೇಲೆ ಕಣ್ಣು ತೆರೆದರು. ಹೆಂಡತಿ ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತಿದ್ದಳು.

"ನಾನಿನ್ನೂ ಮುಟ್ಟಿಯೇ ಇಲ್ಲ," ಎಂದರು ಡಾಕ್ಟರಮ್ಮ ಮೆಲ್ಲಗೆ.

ಅಂಗಾಲಿನ ನರಗಳು ಸತ್ತಿವೆ, ಸತ್ತದ್ದು ಮರಳಿ ಬರುವುದು ಕಷ್ಟ, ಉಳಿದದ್ದನ್ನು ಕಾಯಬೇಕು. ಡಾಕ್ಟರಮ್ಮ ಹೇಳಿದ್ದರ ಸಾರ ಇಷ್ಟು. ಏಣಿ ಹತ್ತುವುದು ಇನ್ನು ಬೇಡ ಎಂದರು. ಬರಿಗಾಲು ಮನೆಯೊಳಗೂ ಬೇಡ. ದಿನಾ ಸಂಜೆ ಕಾಲ್ಬೆರಳ ಸಂದಿಗಳನ್ನು ಕಣ್ಣಾರೆ ನೋಡಬೇಕು. ಕೊನೆಗೆ, "ಗಾಯ ಪೂರ್ತಿ ಮಾಯ್ದ ಮೇಲೆ ನಮ್ಮ ಹಿತ್ತಿಲಲ್ಲಿ ಬೆಳಗಿನ ಹೊತ್ತು ತಾಯ್ ಚಿ ಕಲಿಸ್ತಾರೆ, ಬನ್ನಿ. ಚೀನಾ ದೇಶದ ನಿಧಾನದ ವ್ಯಾಯಾಮ. ಬೀಳದ ಹಾಗೆ ನಿಲ್ಲೋದನ್ನ ಕಾಲಿಗೆ ಮತ್ತೆ ಕಲಿಸತ್ತೆ. ಸಕ್ಕರೆಗೂ ಒಂಚೂರು ಒಳ್ಳೇದು. ಮಾತ್ರೆ ಮಾತ್ರ ಹಾಗೇ ನಡೀಬೇಕು," ಎಂದರು.

"ತಾಯೀ, ಚೀ ಅಂತಾನಾ?" ಎಂದು ಕೇಳಿ, ಸಂಜೆ ಸಮಾಚಾರ ತಿಳಿಯಲು ಮನೆಗೆ ಬಂದ ಚಿಕ್ಕ ಪೇಂಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮ ಇದ್ದಿದ್ದರೆ ಕೋಲು ತಗೊಳ್ತಿದ್ದಳು."

ದೊಡ್ಡ ಪೇಂಟರಿಗೆ ನಗು ಬರಲಿಲ್ಲ. ನಿಲ್ಲುವುದನ್ನು ಕಲಿಯಲು ಐವತ್ತು ದಾಟಿದ ಮೇಲೆ ಶಾಲೆಗೆ ಹೋಗಬೇಕಲ್ಲ ಎಂಬುದು ಅವರಿಗೆ ಗಾಯಕ್ಕಿಂತ ಹೆಚ್ಚು ನೋಯುತ್ತಿತ್ತು.

ಆಸ್ಪತ್ರೆಯ ಹಿಂದೆ ಹಿಂದಿನ ಕಾಲದಲ್ಲಿ ಹಾಸಿಗೆ ಬಟ್ಟೆ ಒಗೆದು ಒಣಗಿಸುತ್ತಿದ್ದ ಒಂದು ಅಂಗಳವಿತ್ತು. ಸಿಮೆಂಟಿನ ನೆಲ, ಅರ್ಧಕ್ಕೆ ತಗಡಿನ ಮಾಡು, ಗೋಡೆಯಲ್ಲಿ ತಂತಿ ಬಿಗಿಯುತ್ತಿದ್ದ ಕೊಕ್ಕೆಗಳು. ಕಲಿಸುವಾಕೆ ನಿವೃತ್ತ ಡ್ರಿಲ್ ಟೀಚರು. ಕುಳ್ಳಗೆ, ತೆಳ್ಳಗೆ ಇದ್ದ ಹೆಂಗಸು. ಎಲ್ಲರೂ ಆಕೆಯನ್ನು ಡ್ರಿಲ್ಲಮ್ಮ ಎನ್ನುತ್ತಿದ್ದರು. ಆಕೆಗೂ ಸಕ್ಕರೆ ಕಾಯಿಲೆ. ಕೆಲಸದ ಮೇಲೆ ಬಂದರಿನ ಊರೊಂದರಲ್ಲಿದ್ದಾಗ ಚೀನಾದ ಮುದುಕರೊಬ್ಬರಿಂದ ಈ ವಿದ್ಯೆ ಕಲಿತಿದ್ದರಂತೆ.

ಕಲಿಯಲು ಬಂದವರೆಲ್ಲ ನೆಲವನ್ನು ನಂಬದೆ ಹೆಜ್ಜೆ ಇಡುವವರು. ಅವರಲ್ಲೊಬ್ಬರು ಹಳೆಯ ಬಸ್ ಕಂಡಕ್ಟರು. "ಓಡೋ ಬಸ್ಸಲ್ಲಿ ಕಂಬ ಹಿಡೀದೆ ಟಿಕೆಟ್ ಹರಿದವನು ನಾನು. ಈಗ ನಿಂತ ನೆಲದ ಮೇಲೆ ಬೀಳ್ತೀನಿ," ಎಂದು ದೊಡ್ಡ ಪೇಂಟರ ಜೊತೆ ಅವರೇ ಮೊದಲು ಮಾತು ತೆಗೆದರು.

ಶುರುವಾಗುವ ಮುಂಚೆ ಡ್ರಿಲ್ಲಮ್ಮ ಒಬ್ಬೊಬ್ಬರ ಮುಂದೆ ನಿಂತು ಕೇಳುತ್ತಿದ್ದರು. ತಿಂಡಿ ಆಯ್ತಾ? ಮಾತ್ರೆ ಆಯ್ತಾ? ಶೂ ಒಳಗೆ ಕೈ ಹಾಕಿ ನೋಡಿದ್ರಾ, ಕಲ್ಲು ಗಿಲ್ಲು ಇದೆಯಾ? ಎಲ್ಲದಕ್ಕೂ ಹೂಂ ಎಂದರೆ ಪಾಠ. ಮೊಣಕಾಲನ್ನು ಸ್ವಲ್ಪವೇ ಸಡಿಲಿಸಿ, ಮೈಭಾರವನ್ನೆಲ್ಲ ಒಂದು ಕಾಲಿಗೆ ಸುರಿದು, ಖಾಲಿಯಾದ ಕಾಲನ್ನು ಎತ್ತಿ ಮುಂದಿಡಬೇಕು. ಹಿಮ್ಮಡಿ ಊರಿದ ಮೇಲೆ ಭಾರವನ್ನು ಮೆಲ್ಲಗೆ ಅದಕ್ಕೆ ಸುರಿಯಬೇಕು. ಕೈಗಳು ಎದೆಯ ಮುಂದೆ ಮೋಡ ಸವರುವ ಹಾಗೆ ಒಂದರ ಹಿಂದೊಂದು ಸಾಗಬೇಕು. ನೋಡಲು ಏನೂ ಇಲ್ಲ. ಮಾಡಲು ಹೋದರೆ ದೊಡ್ಡ ಪೇಂಟರ್ ಗಾಳಿಗೆ ಸಿಕ್ಕ ಬಿದಿರಿನ ಹಾಗೆ ಓಲಾಡಿದರು. ಕಾಲು ಎಲ್ಲಿ ಊರಿದೆಯೆಂದು ನೋಡಲು ಬಗ್ಗಿದರೆ ಮೈ ಮುಗ್ಗರಿಸುತ್ತಿತ್ತು, ತಲೆ ಎತ್ತಿದರೆ ಕಾಲೇ ಇಲ್ಲದ ಹಾಗಾಗುತ್ತಿತ್ತು.

"ಅಂಗಾಲು ಹೇಳಲ್ಲ ಅಂತ ಗೊತ್ತಲ್ಲ, ಅದನ್ನ ಕೇಳ್ಬೇಡಿ," ಎಂದರು ಡ್ರಿಲ್ಲಮ್ಮ, ಅವರ ಮೊಣಕೈ ಹಿಡಿದು. "ಮೊಣಕಾಲನ್ನ ಕೇಳಿ. ಸೊಂಟಾನ ಕೇಳಿ. ಅವು ಇನ್ನೂ ಮಾತಾಡ್ತಾವೆ."

ಕಾಂಪೌಂಡ್ ಗೋಡೆಯ ಆಚೆಯಿಂದ ಒಂದು ತಲೆ ಇಣುಕಿತು. "ಅಣ್ಣಾ, ಕೋಳಿ ಕದಿಯೋಕೆ ಹೊರಟ ಹಾಗಿದೆ ನಿನ್ನ ನಡಿಗೆ!"

"ನಗೋ ಹಲ್ಲಿಗೂ ಸಕ್ಕರೆ ಕಾಯಿಲೆ ಇದೆಯಾ?" ಎಂದು ಡ್ರಿಲ್ಲಮ್ಮ ಗೋಡೆಯ ಕಡೆ ತಿರುಗಿ ಕೇಳಿದರು. ಇದೆ ಎಂದು ದೊಡ್ಡ ಪೇಂಟರ್ ಹೇಳಿದರು. "ಹಾಗಾದರೆ ಗೋಡೆಯ ಈಚೆ ಬಂದು ನಗಲಿ."

ಚಿಕ್ಕ ಪೇಂಟರ್ ಅವತ್ತು ತಮಾಷೆಗೆಂದೇ ಒಳಗೆ ಬಂದ. ಅಣ್ಣನ ಪಕ್ಕ ನಿಂತು, ಹೇಳಿದ ಹಾಗೆ ಕೈ ಬೀಸಿದ. ಎಲ್ಲರೂ ಅವನನ್ನೇ ನೋಡುವಂತಾಯಿತು. ಗೋಡೆಯ ಮೇಲೆ ಕುಂಚವನ್ನು ಒಂದೇ ಎಳೆತಕ್ಕೆ ಎಳೆದು ಪಳಗಿದ ಮೈ ಅವನದು, ಕಾಲಿಗೆ ಇನ್ನೂ ಕೆಟ್ಟದ್ದೇನೂ ಆಗಿರಲಿಲ್ಲ. ಮೋಡ ಸವರು ಎಂದರೆ ಅವನ ಕೈ ನಿಜಕ್ಕೂ ಮೋಡವನ್ನೇ ಸವರಿತು. ದೊಡ್ಡ ಪೇಂಟರಿಗೆ ಹೊಟ್ಟೆಕಿಚ್ಚಾಗಲಿಲ್ಲ. ಎದೆ ತುಂಬಿ ಬಂತು.

ಅಲ್ಲಿಂದ ಮುಂದೆ ದಿನವೂ ಇಬ್ಬರೂ ಒಟ್ಟಿಗೆ ಬಂದರು. ಪಾಠ ಮುಗಿಸಿ ಅಲ್ಲಿಂದಲೇ ಕೆಲಸಕ್ಕೆ ಹೋಗುತ್ತಿದ್ದರು. ಕೆಲಸದಲ್ಲಿ ಈಗ ಜಾಗ ಅದಲುಬದಲಾಗಿತ್ತು. ತಮ್ಮ ಏಣಿಯ ಮೇಲೆ, ಅಣ್ಣ ಕೆಳಗೆ. ಬಾಗಿಲು, ಕಿಟಕಿಯ ಸರಳು, ಗೋಡೆಯ ಬುಡದ ಪಟ್ಟಿ, ಪುಟ್ಟಿ ಹಚ್ಚಿ ಉಪ್ಪುಕಾಗದ ತಿಕ್ಕುವುದು, ಇವೆಲ್ಲ ದೊಡ್ಡ ಪೇಂಟರ ಪಾಲಿಗೆ ಬಂದವು. ತಿಂಗಳುಗಳು ಕಳೆದಂತೆ ಅವರ ಓಲಾಟ ಕಡಿಮೆಯಾಯಿತು. ಅಂಗಾಲಿಗೆ ಸ್ಪರ್ಶವೇನೂ ಮರಳಲಿಲ್ಲ. ಮೈಭಾರ ಯಾವ ಕಾಲಿನ ಮೇಲಿದೆ ಎಂಬುದು ಮಾತ್ರ ನೋಡದೆಯೇ ತಿಳಿಯತೊಡಗಿತು. ಸ್ನಾನದ ಮನೆಯಲ್ಲಿ ಗೋಡೆ ಹಿಡಿಯದೆ ನಿಂತ ದಿನ ಒಳಗಿನಿಂದಲೇ ಹೆಂಡತಿಯನ್ನು ಕೂಗಿದರು.

"ಏನಾಯ್ತು? ಬಿದ್ರಾ?" ಎಂದು ಆಕೆ ಓಡಿ ಬಂದಳು.

"ಬೀಳಲಿಲ್ಲ. ಅದನ್ನೇ ಹೇಳೋಕೆ ಕರೆದೆ."

ಚಿಕ್ಕ ಪೇಂಟರನ ಸಕ್ಕರೆ ಚೆನ್ನಾಗಿ ಇಳಿಯಿತು. ಒಂದು ಬೆಳಿಗ್ಗೆ ಪಾಠದ ನಡುವೆ ಅವನ ಕೈ ನಡುಗಿತು, ಹಣೆಯಲ್ಲಿ ಬೆವರು ಒಡೆಯಿತು, ಕೇಳಿದ್ದಕ್ಕೆ ಏನೋ ಅಸಂಬದ್ಧ ಉತ್ತರ ಕೊಟ್ಟ. ಡ್ರಿಲ್ಲಮ್ಮ ಅವನನ್ನು ಕೂರಿಸಿ, ಚೀಲದಿಂದ ಸಕ್ಕರೆ ತೆಗೆದು ನೀರಿಗೆ ಕಲಸಿ ಕುಡಿಸಿದರು.

"ಸಕ್ಕರೆ ಕಾಯಿಲೆಯವನಿಗೆ ಸಕ್ಕರೆನಾ?" ಎಂದು ದೊಡ್ಡ ಪೇಂಟರ್ ಗಾಬರಿಯಾದರು.

"ಈಗ ಇದೇ ಮದ್ದು. ಸೂಜಿಯ ಜೊತೆ ವ್ಯಾಯಾಮವೂ ಸೇರಿ ಸಕ್ಕರೆ ಪಾತಾಳಕ್ಕೆ ಹೋಗಿದೆ. ಇವತ್ತೇ ಡಾಕ್ಟರಮ್ಮನಿಗೆ ತೋರಿಸಿ."

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಇನ್ಸುಲಿನ್ನಿನ ಅಳತೆಯನ್ನು ಸ್ವಲ್ಪ ಕಡಿಮೆ ಮಾಡಿದರು. ಸ್ವಲ್ಪವೇ, ಎಂದು ಎರಡೆರಡು ಸಲ ಹೇಳಿದರು. ಆಸ್ಪತ್ರೆಯಿಂದ ಹೊರಬರುವಾಗ ತಮ್ಮನ ಮುಖ ಬಹುಮಾನ ಬಂದ ಮಗುವಿನ ಮುಖದ ಹಾಗಿತ್ತು. ಆ ಮುಖ ನೋಡಿದ ಖುಷಿಯಲ್ಲಿ ದೊಡ್ಡ ಪೇಂಟರ ಬಾಯಿಂದ ಒಂದು ಮಾತು ಹೊರಬಿತ್ತು.

"ಇನ್ನೇನು ಬಿಡೋ. ಹೀಗೇ ನಡೆದರೆ ಸೂಜಿನೂ ಬಿಟ್ಟುಹೋಗತ್ತೆ. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾಕೆ?"

ಹೇಳಿದ ಅವರು ಅದನ್ನು ಅಲ್ಲಿಯೇ ಮರೆತರು. ಕೇಳಿದವನು ಮರೆಯಲಿಲ್ಲ.

ಆ ಮಳೆಗಾಲದ ಕೊನೆಗೆ ಚಿಕ್ಕ ಪೇಂಟರ್ ಸಣ್ಣಗಾದ. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಮಾಡಿಸಿದ. ನೋಡಿದವರೆಲ್ಲ, "ವ್ಯಾಯಾಮ ಅಂದರೆ ಇದು! ಮೈ ಹೇಗೆ ಇಳಿದಿದೆ ನೋಡಿ," ಎಂದು ಹೊಗಳಿದರು. ದೊಡ್ಡ ಪೇಂಟರೂ ಹೊಗಳಿದರು. ಅವನು ಏಣಿಯಿಂದ ಮತ್ತೆ ಮತ್ತೆ ಇಳಿದು ನೀರು ಕುಡಿಯುತ್ತಿದ್ದುದನ್ನು ಕಂಡಿದ್ದರು, ಬಿಸಿಲಿಗಿರಬೇಕು ಎಂದುಕೊಂಡರು. ಬೆಳಿಗ್ಗೆ ಡ್ರಿಲ್ಲಮ್ಮ "ಸೂಜಿ ಆಯ್ತಾ?" ಎಂದು ಕೇಳಿದಾಗ ತಮ್ಮ ಜೋರಾಗಿ ಹೂಂ ಎನ್ನುತ್ತಿದ್ದುದೂ ಅವರ ಕಿವಿಗೆ ಬೀಳುತ್ತಿತ್ತು.

ಆಮೇಲೆ ಅವನಿಗೆ ಕೆಮ್ಮು ಜ್ವರ ಬಂತು. ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ದೊಡ್ಡ ಪೇಂಟರ್ ಒಂದು ಕಿಟಕಿಗೆ ಹಸಿರು ಬಣ್ಣ ಹಚ್ಚುತ್ತಿದ್ದಾಗ ಫೋನು ಬಂತು. ತಮ್ಮನ ಹೆಂಡತಿ.

"ಭಾವ, ಬೇಗ ಬನ್ನಿ. ಎಬ್ಬಿಸಿದರೆ ಏಳ್ತಾ ಇಲ್ಲ. ಉಸಿರು ಏನೋ ಥರ ಬಿಡ್ತಿದ್ದಾರೆ."

ಅವರು ಹೋಗುವ ಹೊತ್ತಿಗೆ ನೆರೆಯವರು ಅವನನ್ನು ಗಾಡಿಗೆ ಹತ್ತಿಸುತ್ತಿದ್ದರು. ಕಣ್ಣು ಅರೆತೆರೆದಿತ್ತು, ತುಟಿ ಒಣಗಿ ಬಿರಿದಿತ್ತು. "ಲೋ, ಅಣ್ಣ ಬಂದಿದೀನಿ ಕಣೋ," ಎಂದರು. ಅವನ ನೋಟ ಅವರನ್ನು ದಾಟಿ ಎಲ್ಲಿಗೋ ಹೋಯಿತು. ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ ಯಂತ್ರ ತೋರಿಸುವ ಮಿತಿಯನ್ನೇ ಮೀರಿತ್ತು. ಎದೆಯಲ್ಲಿ ಸೋಂಕು, ರಕ್ತದಲ್ಲಿ ವಿಷ. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಇನ್ಸುಲಿನ್ ಯಾವಾಗ ನಿಲ್ಲಿಸಿದ್ರು?"

"ನಿಲ್ಲಿಸಿಲ್ಲ," ಎಂದರು ದೊಡ್ಡ ಪೇಂಟರ್.

ತಮ್ಮನ ಹೆಂಡತಿ ನೆಲ ನೋಡುತ್ತ ನಿಂತಿದ್ದಳು. ಆಮೇಲೆ, ಯಾರ ಮೇಲೂ ಸಿಟ್ಟಿಲ್ಲದ, ಬರೀ ದಣಿದ ದನಿಯಲ್ಲಿ ಹೇಳಿದಳು. "ನಿಲ್ಲಿಸಿ ತುಂಬಾ ದಿನ ಆಯ್ತು, ಅಮ್ಮಾ. ಫ್ರಿಜ್ಜಲ್ಲಿ ಬಾಟ್ಲಿ ಹಾಗೇ ತುಂಬಿದೆ. ನಾನು ಜಗಳಾಡಿದೆ. ಇನ್ನು ಬೇಡ್ವಂತೆ, ಅಣ್ಣನೇ ಹೇಳಿದ್ದಾನೆ ಅಂದ್ರು. ಭಾವ ಹೇಳಿದ ಮೇಲೆ ಸರಿ ಇರಬೇಕು ಅಂತ ನಾನೂ ಸುಮ್ಮನಾದೆ."

ಚಿಕ್ಕ ಪೇಂಟರ್ ಮತ್ತೆ ಮಾತಾಡಲಿಲ್ಲ. ವಾರ ತುಂಬುವ ಮೊದಲೇ ತೀರಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ದೊಡ್ಡ ಪೇಂಟರ್ ಮನೆಯ ಹಿಂಬಾಗಿಲ ಹೊಸ್ತಿಲಲ್ಲಿ ಕೂತರು. ಕೂತವರು ತಿಂಗಳಾದರೂ ಅಲ್ಲಿಂದ ಏಳಲಿಲ್ಲ ಎಂದರೆ ಹೆಚ್ಚು ಹೇಳಿದ ಹಾಗಲ್ಲ. ಕೆಲಸಕ್ಕೆ ಕರೆದವರಿಗೆ ಮೈ ಸರಿಯಿಲ್ಲ ಎಂದರು. ತಾಯ್ ಚಿಯ ಹೆಸರೆತ್ತಿದರೆ ಎದ್ದು ಒಳಗೆ ಹೋದರು. ಮಾತ್ರೆ ನುಂಗುವುದು ಮಾತ್ರ ಬಿಡಲಿಲ್ಲ. ಹೆಂಡತಿ ಅಂಗೈಯಲ್ಲಿಟ್ಟುಕೊಂಡು ಎದುರು ನಿಲ್ಲುತ್ತಿದ್ದಳು, ನುಂಗಿ ಬಾಯಿ ತೆರೆದು ತೋರಿಸಬೇಕಿತ್ತು. ಹೊಳೆ ದಾಟಿದ ಮೇಲೆ ಎಂಬ ಮಾತು ಅವರ ತಲೆಯೊಳಗೆ ನೊಣದ ಹಾಗೆ ಸುತ್ತುತ್ತಿತ್ತು. ನಾಲಿಗೆಗೆ ಮೂಳೆಯಿಲ್ಲ ಎನ್ನುತ್ತಾರೆ. ಮೂಳೆಯಿಲ್ಲದ್ದು ಒಬ್ಬ ಮನುಷ್ಯನನ್ನು ಹೀಗೆ ಮುರಿದುಹಾಕಬಹುದೇ ಎಂದು ಅವರು ತಮ್ಮೊಳಗೇ ಕೇಳಿಕೊಳ್ಳುತ್ತಿದ್ದರು.

ಒಂದು ದಿನ ಡ್ರಿಲ್ಲಮ್ಮನೇ ಮನೆಗೆ ಬಂದರು. ಹೆಂಡತಿ ಕುರ್ಚಿ ಹಾಕಿದಳು. ಆಕೆ ಕುರ್ಚಿ ಬಿಟ್ಟು ಅದೇ ಹೊಸ್ತಿಲಲ್ಲಿ, ಸ್ವಲ್ಪ ದೂರದಲ್ಲಿ ಕೂತರು.

"ನಿಮ್ಮ ಆಟ ನನ್ನ ತಮ್ಮನ್ನ ನುಂಗ್ತು," ಎಂದರು ದೊಡ್ಡ ಪೇಂಟರ್ ಮುಖ ನೋಡದೆ.

ಆಕೆ ವಾದಿಸಲಿಲ್ಲ. "ದಿನಾ ಕೇಳ್ತಿದ್ದೆ. ದಿನಾ ಹೂಂ ಅಂತಿದ್ರು. ಆ ಹೂಂ ಎಷ್ಟು ಗಟ್ಟಿ ಅಂತ ನಾನು ತಟ್ಟಿ ನೋಡಲಿಲ್ಲ. ಸಣ್ಣಗಾಗಿದ್ದನ್ನ ಕಂಡು ನಾನೂ ಭೇಷ್ ಅಂದೆ. ನನಗೂ ಅದೇ ಕಾಯಿಲೆ, ನನಗೆ ತಿಳೀಬೇಕಿತ್ತು," ಎಂದರು. ಏಳುವಾಗ ಆಕೆ ಹೇಳಿದ್ದು ಇಷ್ಟೇ. "ನೀವು ಬಂದು ನನ್ನನ್ನ ಬೈದರೂ ಸರಿ. ಅಂಗಳದಲ್ಲಿ ಎಲ್ಲರ ಎದುರಿಗೆ ಬೈದರೆ ಇನ್ನೂ ಒಳ್ಳೇದು."

ಅವರು ಹೋಗಲಿಲ್ಲ. ಹೋಗುವಂತೆ ಮಾಡಿದವರು ಕಂಡಕ್ಟರು.

ಅಂಗಡಿಗೆಂದು ಹೊರಟ ದೊಡ್ಡ ಪೇಂಟರಿಗೆ ಬೀದಿಯ ತಿರುವಿನಲ್ಲಿ ಕಂಡಕ್ಟರು ಸಿಕ್ಕರು. ತಮ್ಮನ ವಿಷಯಕ್ಕೆ ನಾಲ್ಕು ಮಾತು ಆಡಿ ಕಣ್ಣೊರೆಸಿಕೊಂಡರು. ಡಾಕ್ಟರಮ್ಮನಿಂದ ತಿಳಿದಿದ್ದ ಡ್ರಿಲ್ಲಮ್ಮನನ್ನು ಬಿಟ್ಟರೆ ಅಂಗಳದಲ್ಲಿ ಯಾರಿಗೂ ಅವನು ಸತ್ತದ್ದು ಯಾತರಿಂದ ಎಂದು ಸರಿಯಾಗಿ ಗೊತ್ತಿರಲಿಲ್ಲ. ಎದೆಯ ಜ್ವರ ಎಂದಷ್ಟೇ ಕೇಳಿದ್ದರು. ಹೋಗುವಾಗ ಕಂಡಕ್ಟರು ದನಿ ತಗ್ಗಿಸಿ ಹೇಳಿದರು.

"ಪಾಪ, ನನಗೆ ಎಷ್ಟು ಉಪಕಾರ ಮಾಡಿ ಹೋದ ನಿಮ್ಮ ತಮ್ಮ. ಸೂಜಿ ಬಿಟ್ಟು ತಾಯ್ ಚಿ ಒಂದರಲ್ಲೇ ಇದೀನಿ ಅಂತ ನನಗೊಬ್ಬನಿಗೆ ಹೇಳಿದ್ದ. ನಾನೂ ಹೋದ ತಿಂಗಳಿಂದ ಬಿಟ್ಟಿದೀನಿ. ನೋಡಿ, ಹೇಗೆ ಹಗುರ ಆಗಿದೀನಿ!"

ದೊಡ್ಡ ಪೇಂಟರ್ ಆಗ ಸರಿಯಾಗಿ ನೋಡಿದರು. ಕೆನ್ನೆ ಇಳಿದಿತ್ತು, ಅಂಗಿಯ ಕಾಲರಿನೊಳಗೆ ಕತ್ತು ಒಂದು ಕೋಲಿನ ಹಾಗಿತ್ತು. ಕಂಕುಳಲ್ಲಿ ನೀರಿನ ಬಾಟಲಿ, ಅರ್ಧ ಖಾಲಿ.

"ಬಾಯಾರಿಕೆ ಇದೆಯಾ?" ಎಂದು ಕೇಳಿದರು. ಅವರ ದನಿ ಅವರಿಗೇ ಗುರುತು ಸಿಗಲಿಲ್ಲ.

"ಅಯ್ಯೋ, ಕುಡಿದಷ್ಟೂ ಸಾಲದು. ಸೆಖೆ ನೋಡಿ."

ದೊಡ್ಡ ಪೇಂಟರ್ ಅವರ ರಟ್ಟೆ ಹಿಡಿದರು. "ನಡೀರಿ."

"ಎಲ್ಲಿಗೆ?"

"ಆಸ್ಪತ್ರೆಗೆ. ನನ್ನ ತಮ್ಮ ಹೋಗಿದ್ದು ಜ್ವರದಿಂದ ಅಲ್ಲ. ಸೂಜಿ ಬಿಟ್ಟಿದ್ದರಿಂದ. ಬಿಡಿಸಿದವನು ನಾನು. ನಡೀರಿ ಅಂದೆ."

ಕಂಡಕ್ಟರು ನಾಳೆ ಹೋಗೋಣ ಎಂದರು, ಮನೆಯಲ್ಲಿ ಹೇಳಿ ಬರುತ್ತೇನೆ ಎಂದರು. ಹಿಡಿದ ಕೈ ಸಡಿಲವಾಗಲಿಲ್ಲ. ಬೀದಿಯ ಜನ ಜಗಳವೆಂದುಕೊಂಡು ನಿಂತು ನೋಡಿದರು. ಅಂಗಾಲಿಗೆ ನೆಲದ ಅರಿವಿಲ್ಲದ ಒಬ್ಬರು, ನೀರಿನ ಬಾಟಲಿ ಅವುಚಿಕೊಂಡ ಇನ್ನೊಬ್ಬರು, ಮಧ್ಯಾಹ್ನದ ಬಿಸಿಲಿನಲ್ಲಿ ಹಾಗೆಯೇ ಆಸ್ಪತ್ರೆ ತಲುಪಿದರು. ಡಾಕ್ಟರಮ್ಮ ಕಂಡಕ್ಟರನ್ನು ಆವತ್ತೇ ವಾರ್ಡಿಗೆ ಸೇರಿಸಿಕೊಂಡರು. ಇನ್ನು ಕೆಲವು ದಿನ ತಡವಾಗಿದ್ದರೆ ಏನೂ ಹೇಳುವ ಹಾಗಿರಲಿಲ್ಲ ಎಂದರು. ದೊಡ್ಡ ಪೇಂಟರ್ ಹೊರಗಿನ ಬೆಂಚಿನ ಮೇಲೆ ಕೂತು, ತಮ್ಮ ಸತ್ತ ಮೇಲೆ ಮೊದಲ ಸಲ, ದನಿ ತೆಗೆದು ಅತ್ತರು.

ಮಾರನೆಯ ಬೆಳಿಗ್ಗೆ ಅವರು ಅಂಗಳಕ್ಕೆ ಹೋದರು. ಜನ ಇನ್ನೂ ಶೂ ಹಾಕಿಕೊಳ್ಳುತ್ತಿದ್ದರು. ಅವರನ್ನು ಕಂಡು ಡ್ರಿಲ್ಲಮ್ಮ ಪಕ್ಕಕ್ಕೆ ಸರಿದು ಮುಂದಿನ ಜಾಗ ಬಿಟ್ಟುಕೊಟ್ಟರು. ದೊಡ್ಡ ಪೇಂಟರಿಗೆ ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಶುರು ಮಾಡಿದರು.

"ನನ್ನ ತಮ್ಮ ಈ ಜಾಗದಲ್ಲಿ ನಿಲ್ತಿದ್ದ. ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ದ. ಸಕ್ಕರೆ ಇಳೀತು. ಸೂಜಿ ಬಿಟ್ಟ. ಸತ್ತ." ಬೆನ್ನಿಗೆ ಕಟ್ಟಿದ್ದ ಕೈ ಬಿಚ್ಚಿ ಮುಖ ಒರೆಸಿಕೊಂಡರು. "ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಅಂತ ಅವನಿಗೆ ಹೇಳಿದವನು ನಾನು. ಈ ಹೊಳೆಗೆ ಆಚೆ ದಡ ಇಲ್ಲ. ದೋಣೀಲಿ ಇರೋವರೆಗೂ ಅಂಬಿಗ ಬೇಕು. ಈ ವ್ಯಾಯಾಮ ನನ್ನ ಕಾಲಿಗೆ ಒಳ್ಳೇದು ಮಾಡಿದೆ, ಸುಳ್ಳು ಹೇಳಲ್ಲ. ಆದರೆ ಇದು ಹುಟ್ಟು ಹಾಕೋಕೆ ಇನ್ನೊಂದು ಕೈ, ಅಷ್ಟೇ. ಯಾರಾದರೂ ಮದ್ದು ಬಿಟ್ಟಿದ್ದರೆ ಈಗಲೇ ಹೇಳಿ. ನಾನು ಬೈಯಲ್ಲ. ಬೈಯೋ ಯೋಗ್ಯತೆ ನನಗಿಲ್ಲ."

ಹಿಂದಿನ ಸಾಲಿನ ಒಬ್ಬ ಅಜ್ಜಿ, "ನಾನು ರಾತ್ರಿಯ ಮಾತ್ರೆ ಬಿಟ್ಟಿದ್ದೆ ಕಣಪ್ಪಾ," ಎಂದರು.

ಅಂದಿನಿಂದ ಪಾಠಕ್ಕೆ ಮುಂಚಿನ ಪ್ರಶ್ನೆಗಳನ್ನು ಕೇಳುವುದು ದೊಡ್ಡ ಪೇಂಟರ ಕೆಲಸವಾಯಿತು. ಅವರು ಹೂಂ ಎಂಬುದನ್ನು ಉತ್ತರವೆಂದು ಒಪ್ಪುತ್ತಿರಲಿಲ್ಲ. ಯಾವ ಮಾತ್ರೆ, ಯಾವ ಹೊತ್ತಿಗೆ, ಏನು ತಿಂದ ಮೇಲೆ, ಎಲ್ಲ ಬಿಡಿಸಿ ಹೇಳಬೇಕಿತ್ತು. ವಾರ್ಡಿನಿಂದ ಹೊರಬಂದ ಕಂಡಕ್ಟರು, "ನಾನು ಟಿಕೆಟ್ ಕೇಳ್ತಿದ್ದಾಗ ಜನ ಹೀಗೇ ಬೈಕೋತಿದ್ರು," ಎಂದು ಗೊಣಗುತ್ತಲೇ ಅಂಗಿಯ ತೋಳು ಮಡಚಿ ಸೂಜಿಯ ಗುರುತು ತೋರಿಸುತ್ತಿದ್ದರು. ಪಾಠ ಶುರುವಾದ ಮೇಲೆ ದೊಡ್ಡ ಪೇಂಟರ್ ಹಿಂದೆ ನಿಲ್ಲುತ್ತಿದ್ದರು. ಎಡಗಡೆಗೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಲ್ಲುತ್ತಿದ್ದರು. ಯಾರೂ ಅಲ್ಲಿ ಬಂದು ನಿಲ್ಲಲಿಲ್ಲ, ನಿಲ್ಲಬೇಡಿ ಎಂದು ಅವರೂ ಹೇಳಿರಲಿಲ್ಲ.

ಕೆಲಸವನ್ನು ನೆಲಮಟ್ಟದ್ದಕ್ಕೆ ಮಾತ್ರ ಒಪ್ಪಿಕೊಂಡರು. ತಮ್ಮನ ಮನೆಗೆ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ತಮ್ಮನ ಹೆಂಡತಿ ಚಹಾ ಕೊಡುತ್ತಿದ್ದಳು, ಬೇಕು ಬೇಡಗಳ ಮಾತಾಗುತ್ತಿತ್ತು. ಆ ಮಾತು, ಆಸ್ಪತ್ರೆಯಲ್ಲಿ ಆಕೆ ಆಡಿದ ಮಾತು, ಇಬ್ಬರ ನಡುವೆ ಒಂದು ಪಾತ್ರೆಯ ಹಾಗೆ ಇದ್ದೇ ಇತ್ತು. ಇಬ್ಬರೂ ಅದನ್ನು ಮುಟ್ಟದೆ ಸುತ್ತಿ ನಡೆಯುತ್ತಿದ್ದರು.

ಎರಡು ವರ್ಷದ ಮೇಲೆ ದೊಡ್ಡ ಪೇಂಟರ ಮಾತ್ರೆಗಳು ಸಾಲದಾದವು. ವ್ಯಾಯಾಮ ತಪ್ಪಿಸಿರಲಿಲ್ಲ, ಬಾಯಿ ಕಟ್ಟಿದ್ದರು, ಆದರೂ ಸಕ್ಕರೆ ಏರುತ್ತಿತ್ತು. "ನಿಮ್ಮ ತಪ್ಪೇನಿಲ್ಲ, ಕಾಯಿಲೆ ಹಳೆಯದಾಗ್ತಾ ಹೀಗೇ. ಇನ್ಸುಲಿನ್ ಶುರು ಮಾಡೋಣ," ಎಂದರು ಡಾಕ್ಟರಮ್ಮ. ಆಸ್ಪತ್ರೆಯ ನರ್ಸು ಚುಚ್ಚುವುದನ್ನು ತೋರಿಸಿಕೊಟ್ಟಳು. ಮನೆಗೆ ಬಂದು ಸೂಜಿ ಹಿಡಿದವರು ಚುಚ್ಚಲಾಗದೆ ಮತ್ತೆ ಡಬ್ಬಿಗಿಟ್ಟರು. ಹೆಂಡತಿಗೆ ಕೊಟ್ಟರೆ ಆಕೆ ನನ್ನಿಂದಾಗದು ಎಂದು ಹಾಗೇ ವಾಪಸು ಕೊಟ್ಟಳು.

ಆಗ ಎದ್ದು ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ತಮ್ಮನ ಮನೆಗೆ ಹೋದರು.

ಆಕೆ ಬಾಗಿಲು ತೆರೆದು ಚೀಲ ನೋಡಿದಳು, ಮುಖ ನೋಡಿದಳು. ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಒಳಗಿನಿಂದ ಒಂದು ಕಿತ್ತಳೆ ಹಣ್ಣು ತಂದು ಮೇಜಿನ ಮೇಲಿಟ್ಟಳು. "ಮೊದಲು ಇದಕ್ಕೆ ಚುಚ್ಚಿ ಭಾವ. ನಾನೂ ಹೀಗೇ ಕಲಿತದ್ದು. ಗಾಳಿ ಗುಳ್ಳೆ ಇರಬಾರದು, ಬೆರಳಿಂದ ತಟ್ಟಿ. ಹಾಂ. ಈಗ ನೇರಕ್ಕೆ, ಹೆದರಬೇಡಿ."

ಕಿತ್ತಳೆಗೆ ಹಲವು ಸಲ ಚುಚ್ಚಿದರು. ಕೊನೆಗೆ ಹೊಸ ಸೂಜಿಗೆ ಮದ್ದು ಎಳೆದು, ಅಂಗಿಯ ಕೆಳಗಿನ ಗುಂಡಿ ಬಿಚ್ಚಿ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದರು. ಕಣ್ಣು ತುಂಬಿ ಸೂಜಿ ಮಂಜಾಯಿತು.

"ಅವನಿಗೆ ಆ ಮಾತು ಹೇಳಬಾರದಿತ್ತಮ್ಮ ನಾನು," ಎಂದರು.

ಆಕೆ ಕಿತ್ತಳೆಯನ್ನು ಪಕ್ಕಕ್ಕೆ ಸರಿಸಿದಳು. "ಹೌದು ಭಾವ, ಹೇಳಬಾರದಿತ್ತು," ಎಂದಳು. "ನಾನೂ ಸುಮ್ಮನಿರಬಾರದಿತ್ತು. ಈಗ ಚುಚ್ಕೊಳ್ಳಿ, ಹೊತ್ತಾಗತ್ತೆ."

ಚುಚ್ಚಿಕೊಂಡರು. ಒಂದು ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಆಕೆ ಅಡುಗೆಮನೆಗೆ ಹೋಗಿ ತಟ್ಟೆಯಲ್ಲಿ ಊಟ ಬಡಿಸಿ ತಂದಳು. ಚುಚ್ಚಿಕೊಂಡ ಮೇಲೆ ತಿನ್ನದೆ ಏಳಬಾರದು ಎಂದು ಎದುರಿಗೆ ಕೂತಳು. ದೊಡ್ಡ ಪೇಂಟರ್ ತಲೆ ಬಗ್ಗಿಸಿ, ನಿಧಾನವಾಗಿ ಉಂಡರು. ತಟ್ಟೆ ಖಾಲಿಯಾಗುವವರೆಗೂ ಆಕೆ ಅಲ್ಲಿಂದ ಏಳಲಿಲ್ಲ.